ಪಾಡ್‌ಕಾಸ್ಟ್ ಬರಹ ರೂಪ: ಹೋಗು ಅಂದರೂ ಹೋಗದ ಆಂಟಿವೈರಸ್

ಈ ಸಂಚಿಕೆಯ ವಿಷಯ ಕೇಳಿ ಕೆಲವರು ನಗಬಹುದು. ಕಂಪ್ಯೂಟರ್‌ನಿಂದ ಆಂಟಿವೈರಸ್ ತೆಗೆಯೋಕೆ ಹೋದರೆ ಅದು ಯಾಕೆ ಹೋಗಲ್ಲ? ಅಪ್‌ಡೇಟ್ ಆಗು ಅಂದರೆ ಯಾಕೆ ಆಗಲ್ಲ? ಇದಕ್ಕೂ ಒಂದು ಇತಿಹಾಸ ಇದೆಯಾ ಅಂದರೆ, ಇದೆ. ಸುಮಾರು ನಲವತ್ತು ವರ್ಷದ್ದು. ಅದು ಶುರುವಾಗಿದ್ದು ಲಾಹೋರ್‌ನಲ್ಲಿ. ನನಗೆ ಅರ್ಥವಾಗಿದ್ದು ಮಾತ್ರ ಹೊಳೆನರಸೀಪುರದ ಒಬ್ಬ ಪತ್ರ ಬರಹಗಾರರ ಅಂಗಡಿಯಲ್ಲಿ.

ನಾನಾಗ ಹಾಸನದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ಹುಡುಗ. ಬೆಳಿಗ್ಗೆ ಬಸ್ಸು ಹತ್ತಿ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು. ಇನ್ನೊಂದು ದಿನ ಚನ್ನರಾಯಪಟ್ಟಣ. ಬ್ಯಾಗಿನಲ್ಲಿ ಒಂದು ಸ್ಕ್ರೂಡ್ರೈವರ್, ಸಿಡಿಗಳ ಪೌಚು, ಎರಡು ಪೆನ್‌ಡ್ರೈವ್, ಮದರ್‌ಬೋರ್ಡಿಗೆ ಹಾಕುವ ಗುಂಡು ಬ್ಯಾಟರಿಗಳು. 2009ರ ಮಳೆಗಾಲ ಇರಬೇಕು. ಮಧ್ಯಾಹ್ನ ಫೋನ್ ಬಂತು: "ಬೇಗ ಬಾರಪ್ಪ, ಕನ್ನಡ ಹೋಗ್ಬಿಟ್ಟಿದೆ."

ಹೋಗಿ ನೋಡಿದರೆ ನಿಜವಾಗಿಯೂ ಕನ್ನಡ ಹೋಗಿತ್ತು. ನುಡಿ ತಂತ್ರಾಂಶದ ಐಕಾನ್ ಇದೆ, ಒತ್ತಿದರೆ ಏನೂ ಆಗಲ್ಲ. ಹಿಂದಿನ ದಿನ ಟೈಪ್ ಮಾಡಿದ್ದ ಕ್ರಯಪತ್ರ ತೆರೆಯುತ್ತೆ, ಅಕ್ಷರ ಕಾಣಿಸುತ್ತೆ, ಪ್ರಿಂಟೂ ಬರುತ್ತೆ. ಆದರೆ ಒಂದು ಅಕ್ಷರ ತಿದ್ದೋಣ ಅಂದರೆ ಪರದೆ ಮೇಲೆ ಬರೋದು ಅರ್ಥವಿಲ್ಲದ ಗೀಟು. ಆ ಪತ್ರದ ಚೆಕ್ಕುಬಂದಿಯಲ್ಲಿ ಒಂದು ತಪ್ಪು ಉಳಿದಿತ್ತು. ಪೂರ್ವಕ್ಕೆ ಸರ್ಕಾರಿ ಹಳ್ಳ ಅಂತ ಇರಬೇಕಾದ ಕಡೆ ಪಕ್ಕದ ಸರ್ವೆ ನಂಬರ್ ಬಿದ್ದಿತ್ತು. ಜಮೀನು ಒಂದು ಎಕರೆ ಹತ್ತು ಗುಂಟೆ. ಮಾರುವವರಲ್ಲಿ ಒಬ್ಬ ಹೆಣ್ಣುಮಗಳನ್ನು ಭದ್ರಾವತಿಗೆ ಕೊಟ್ಟಿದ್ದರು. ಸಹಿ ಹಾಕೋದಕ್ಕೇ ಅಂತ ಬಂದಿದ್ದರು, ಸಂಜೆ ಬಸ್ಸಿಗೆ ವಾಪಸ್ ಹೋಗಬೇಕು. ಕೊಳ್ಳುವವರು ದುಡ್ಡು ಹೊಂದಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಸಬ್‌ರಿಜಿಸ್ಟ್ರಾರ್ ಆಫೀಸು ಬಾಗಿಲು ಹಾಕೋಕೆ ಹೆಚ್ಚು ಹೊತ್ತಿರಲಿಲ್ಲ.

ನುಡಿಯನ್ನು ನುಂಗಿದ್ದು ಆಂಟಿವೈರಸ್. ಯಾವ ಕಂಪನಿಯದು ಅನ್ನೋದು ಬೇಡ, ಅದೊಂದರ ಕಥೆಯೂ ಅಲ್ಲ ಇದು. ಬೆಳಿಗ್ಗೆ ಅದು ಇಂಟರ್ನೆಟ್ಟಿನಿಂದ ಅಪ್‌ಡೇಟ್ ಇಳಿಸಿಕೊಂಡು ನುಡಿಯ ಕೀಲಿಮಣೆ ಪ್ರೋಗ್ರಾಂನ್ನು ಕಳ್ಳ ಅಂತ ಹಿಡಿದು ಕ್ವಾರಂಟೈನಿಗೆ ಹಾಕಿತ್ತು. ಅದೇ ಅಪ್‌ಡೇಟ್ ಮುಗಿಯುವ ಮೊದಲು ಕರೆಂಟ್ ಹೋಗಿದೆ. ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತು ಎಷ್ಟು ದಿನ ಆಗಿತ್ತೋ. ಹಾಗಾಗಿ ಆಂಟಿವೈರಸ್ ಅರ್ಧ ಹೊಸದು, ಅರ್ಧ ಹಳೆಯದು. ಅದರ ಕಿಟಕಿ ತೆರೆಯಲ್ಲ, ಆದ್ದರಿಂದ ಕ್ವಾರಂಟೈನಿನಿಂದ ನುಡಿಯನ್ನು ಬಿಡಿಸೋಕಾಗಲ್ಲ. ಅಪ್‌ಡೇಟ್ ಒತ್ತಿದರೆ "ಹಿಂದಿನ ಕೆಲಸ ಬಾಕಿ ಇದೆ, ರೀಸ್ಟಾರ್ಟ್ ಮಾಡಿ" ಅನ್ನುತ್ತೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಮಾತು. ಅನ್‌ಇನ್‌ಸ್ಟಾಲ್ ಅಂದರೂ ಅದೇ. ಫೋಲ್ಡರನ್ನೇ ಅಳಿಸೋಣ ಅಂದರೆ "ಅನುಮತಿ ಇಲ್ಲ". ನಾನು ಲಾಗಿನ್ ಆಗಿರೋದು ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ! ಮನೆ ಯಜಮಾನನಿಗೆ ಕಾವಲಿನವನು ಬಾಗಿಲಲ್ಲಿ ಅಡ್ಡ ನಿಂತ ಹಾಗೆ.

ಮುಕ್ಕಾಲು ಗಂಟೆ ಒದ್ದಾಡಿದೆ. ಪತ್ರ ಬರಹಗಾರರಿಗೆ ಅರವತ್ತು ದಾಟಿತ್ತು, ಟೈಪ್‌ರೈಟರಿಗೂ ಮೊದಲಿನ ಕಾಲದವರು. ನನ್ನ ಬೆವರು ನೋಡಿ "ಬಿಡು ಮಗ, ಅದು ಇವತ್ತು ನಮ್ ಮಾತು ಕೇಳಲ್ಲ" ಅಂದರು. ಪ್ರಿಂಟ್ ತೆಗೆಸಿದರು. ತಪ್ಪು ಸಾಲಿನ ಮೇಲೆ ಒಂದು ಗೀಟು ಎಳೆದು, ಮೇಲೆ ಪೆನ್ನಿನಲ್ಲಿ ಸರಿಯಾದ್ದನ್ನು ಬರೆದು, ಪಕ್ಕದಲ್ಲಿ ಬರೆದುಕೊಡುವವರೆಲ್ಲರ ಸಹಿ ಹಾಕಿಸಿದರು. 1908ರ ನೋಂದಣಿ ಕಾಯ್ದೆಯ 20ನೇ ಕಲಂ ಇದಕ್ಕೆ ದಾರಿ ಕೊಡುತ್ತೆ: ತಿದ್ದಿದ ಕಡೆ ಪತ್ರ ಬರೆದುಕೊಡುವವರ ಸಹಿ ಇದ್ದರೆ ಅಂಥ ಪತ್ರವನ್ನು ನೋಂದಣಿಗೆ ತೆಗೆದುಕೊಳ್ಳಬಹುದು. ಪತ್ರ ನೋಂದಣಿ ಆಯಿತು, ಆಯಮ್ಮ ಬಸ್ಸು ಹತ್ತಿದರು. ನಾನು ರಾತ್ರಿ ಎಂಟರವರೆಗೂ ಅಲ್ಲೇ ಕೂತಿದ್ದೆ. ಅದನ್ನು ಆಮೇಲೆ ಹೇಳ್ತೀನಿ.

ಅವತ್ತು ನನ್ನ ತಲೆಗೆ ಹತ್ತಿದ್ದು ಒಂದೇ ಪ್ರಶ್ನೆ. ಯಜಮಾನನ ಮಾತನ್ನೇ ಕೇಳದ ಹಾಗೆ ಇದನ್ನು ಯಾಕೆ ಕಟ್ಟಿದರು?

ಈಗ ಲಾಹೋರಿಗೆ ಹೋಗೋಣ, 1986ಕ್ಕೆ. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಅನ್ನುವ ಅಣ್ಣತಮ್ಮಂದಿರು ತಂತ್ರಾಂಶ ಬರೆದು ಮಾರುತ್ತಿದ್ದರು. ತಮ್ಮ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡೋದನ್ನು ಹಿಡಿಯೋಕೆ ಅಂತ ಅವರು ಮಾಡಿದ್ದೇ 'ಬ್ರೇನ್'. ಅದು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಕೂತು ಒಂದರಿಂದ ಒಂದಕ್ಕೆ ಹರಡುತ್ತಿತ್ತು. ಒಳಗೆ ಅವರದೇ ಹೆಸರು, ವಿಳಾಸ, ಫೋನ್ ನಂಬರ್. ಐಬಿಎಂ ಪಿಸಿಗಳ ಮೊದಲ ವೈರಸ್ ಅಂತ ಎಲ್ಲರೂ ಹೆಸರಿಸೋದು ಇದನ್ನೇ. ಗಮನಿಸಿ, ಅವರ ಮಾತನ್ನು ನಂಬುವುದಾದರೆ ಅದು ಹುಟ್ಟಿದ್ದೇ ಕಾವಲಿಗೆ. ಕಾವಲು ಅಂತ ಕೂರಿಸಿದ್ದು, ಎದ್ದು ಹೋಗು ಅಂದರೆ ಹೋಗದೆ ಊರೂರು ತಿರುಗಿತು.

ಅದರ ಬೆನ್ನಿಗೇ ವೈರಸ್ ಹುಡುಕುವ ತಂತ್ರಾಂಶಗಳು ಬಂದವು. ಅಮೆರಿಕದಲ್ಲಿ ಜಾನ್ ಮ್ಯಾಕಫಿ, ನಮ್ಮಲ್ಲಿ ಚೆನ್ನೈನ ಕೆ7, ಪುಣೆಯ ಕೈಲಾಶ್ ಕಾಟ್ಕರ್ ಅವರ ಕ್ವಿಕ್ ಹೀಲ್. ಕಾಟ್ಕರ್ ಕ್ಯಾಲ್ಕುಲೇಟರ್ ರಿಪೇರಿಯಿಂದ ಶುರು ಮಾಡಿದವರು ಅನ್ನೋದು ನಮ್ಮಂಥ ರಿಪೇರಿಯವರಿಗೆ ಯಾವತ್ತೂ ಖುಷಿ ಕೊಡುವ ವಿಷಯ. ಆ ಕಾಲದ ಆಂಟಿವೈರಸ್ ಪಾಪದ್ದು. ಒಂದು ಫ್ಲಾಪಿಯಲ್ಲಿ ಬರುತ್ತಿತ್ತು, ಕರೆದಾಗ ಬಂದು ಹುಡುಕಿ ಹೋಗುತ್ತಿತ್ತು. ಬೇಡ ಅಂದರೆ ಡೈರೆಕ್ಟರಿ ಅಳಿಸಿದರೆ ಮುಗೀತು.

ಕಥೆ ತಿರುಗಿದ್ದು 1993ರ ಆಸುಪಾಸು. ಆ ವರ್ಷ ಮೈಕ್ರೋಸಾಫ್ಟ್ ತನ್ನ ಎಂಎಸ್-ಡಾಸ್ 6ರ ಜೊತೆಗೇ ಒಂದು ಆಂಟಿವೈರಸ್ ಕೊಟ್ಟಿತು. ಸೆಂಟ್ರಲ್ ಪಾಯಿಂಟ್ ಅನ್ನುವ ಕಂಪನಿಯಿಂದ ಪಡೆದದ್ದು. ಅದರಲ್ಲಿ ವಿಸೇಫ್ ಅಂತ ಒಂದು ಭಾಗ, ಮೆಮೊರಿಯಲ್ಲಿ ಕೂತು ಸದಾ ಕಾಯುವಂಥದ್ದು. ಮೆಮೊರಿ ಕಡಿಮೆ ಇದ್ದ ಕಾಲ, ಬೇಡವಾದಾಗ ಅದನ್ನು ಎಬ್ಬಿಸಿ ಕಳಿಸಬೇಕಲ್ಲ? ಅದಕ್ಕೊಂದು ಸಂಕೇತ ಇಟ್ಟರು. ಯಾವುದೇ ಪ್ರೋಗ್ರಾಂ ಆ ಸಂಕೇತ ಕೊಟ್ಟರೆ ವಿಸೇಫ್ ಮರ್ಯಾದೆಯಿಂದ ಎದ್ದು ಹೋಗುತ್ತಿತ್ತು. ವೈರಸ್ ಬರೆಯುವವರು ಇದನ್ನು ಪತ್ತೆ ಹಚ್ಚೋಕೆ ಹೆಚ್ಚು ದಿನ ಬೇಕಾಗಲಿಲ್ಲ. ಒಳಗೆ ಬಂದ ವೈರಸ್ ಮೊದಲು ಆ ಸಂಕೇತ ಕೊಡೋದು, ಕಾವಲಿನವನು ಎದ್ದು ಹೋಗೋದು, ಆಮೇಲೆ ಇವನ ಕೆಲಸ.

ನನ್ನ ಪ್ರಕಾರ ಇಡೀ ಕಥೆಯ ಮೂಲ ಇಲ್ಲೇ ಇದೆ. ಹೋಗು ಅಂದರೆ ಹೋಗುವ ಕಾವಲುಗಾರ ಕಳ್ಳ ಹೇಳಿದರೂ ಹೋಗ್ತಾನೆ. ಕಂಪ್ಯೂಟರಿಗೆ ದನಿ ಗೊತ್ತಾಗಲ್ಲ, ಮುಖ ಗೊತ್ತಾಗಲ್ಲ. ಹೇಳಿದ್ದು ಯಜಮಾನನೋ, ಯಜಮಾನನ ಹೆಸರಿನಲ್ಲಿ ಓಡುತ್ತಿರುವ ಇನ್ನೊಂದು ಪ್ರೋಗ್ರಾಮೋ? ವಿಂಡೋಸ್ ಎಕ್ಸ್‌ಪಿ ಕಾಲದಲ್ಲಂತೂ ಎಲ್ಲರೂ ಅಡ್ಮಿನಿಸ್ಟ್ರೇಟರೇ. ಅಂಗಡಿ ಹುಡುಗ ಟೈಪ್ ಮಾಡೋದೂ ಅಡ್ಮಿನಿಸ್ಟ್ರೇಟರ್ ಆಗಿ, ಅವನ ಪೆನ್‌ಡ್ರೈವಿನಿಂದ ಇಳಿಯುವ ವೈರಸ್ ಓಡೋದೂ ಅಡ್ಮಿನಿಸ್ಟ್ರೇಟರ್ ಆಗಿಯೇ.

2001, 2002ರ ಹೊತ್ತಿಗೆ ಕ್ಲೆಜ್, ಬಗ್‌ಬೇರ್ ಅಂತ ಇಮೇಲ್ ಹುಳುಗಳು ಬಂದವು. ಅವುಗಳೊಳಗೆ ಆಂಟಿವೈರಸ್‌ಗಳ ಹೆಸರಿನ ಪಟ್ಟಿಯೇ ಇತ್ತು, ಒಂದೊಂದನ್ನೇ ಹುಡುಕಿ ನಿಲ್ಲಿಸುತ್ತಿದ್ದವು. ನಮ್ಮ ಹಾಸನದ ಕಡೆ ನನ್ನನ್ನು ಅತಿ ಹೆಚ್ಚು ಕಾಡಿದ್ದು ಸ್ಯಾಲಿಟಿ. ಇದು ಪೆನ್‌ಡ್ರೈವಿನ ಮೇಲೆ ಬರುತ್ತಿತ್ತು. ಡಿಟಿಪಿ ಅಂಗಡಿ, ಸ್ಟುಡಿಯೋ, ಝೆರಾಕ್ಸ್ ಅಂಗಡಿ, ಎಲ್ಲಾ ಕಡೆ ಊರಿನವರ ಪೆನ್‌ಡ್ರೈವ್ ಚುಚ್ಚೋದೇ ಕೆಲಸ ಅಲ್ವಾ? ಮದುವೆ ಲಗ್ನಪತ್ರಿಕೆ ತಂದವರ ಜೊತೆ ಸ್ಯಾಲಿಟಿಯೂ ಬರೋದು. ಬಂದ ತಕ್ಷಣ ಆಂಟಿವೈರಸ್ಸಿನ ಸೇವೆ ನಿಲ್ಲಿಸೋದು, ಸೇಫ್ ಮೋಡಿಗೆ ಬೇಕಾದ ರಿಜಿಸ್ಟ್ರಿ ನಮೂದುಗಳನ್ನೇ ಅಳಿಸಿಬಿಡೋದು. ಸೇಫ್ ಮೋಡ್ ಅಂದರೆ ನಮ್ಮಂಥವರ ಹಿತ್ತಲ ಬಾಗಿಲು, ಅದಕ್ಕೇ ಬೀಗ. ಸಾಲದ್ದಕ್ಕೆ ನಮ್ಮ ಪೆನ್‌ಡ್ರೈವಿನಲ್ಲಿದ್ದ ಆಂಟಿವೈರಸ್ ಸೆಟಪ್ ಫೈಲಿಗೂ ಅಂಟಿಕೊಳ್ಳೋದು. ಹೊಳೆನರಸೀಪುರದಲ್ಲಿ ಗುಣ ಮಾಡೋಕೆ ಹೋದವನು ಅರಕಲಗೂಡಿಗೆ ರೋಗ ಹೊತ್ತುಕೊಂಡು ಹೋದ ಹಾಗೆ. ನಾನೂ ಹೊತ್ತುಕೊಂಡು ಹೋಗಿದ್ದೀನಿ, ಸುಳ್ಳು ಯಾಕೆ ಹೇಳಲಿ. ಆಮೇಲೆ ಬುದ್ಧಿ ಬಂದು ಎಲ್ಲವನ್ನೂ ಸಿಡಿಗೆ ಬರೆದು ಇಟ್ಟುಕೊಂಡೆ. ಒಮ್ಮೆ ಬರೆದ ಸಿಡಿಗೆ ಯಾವ ವೈರಸ್ಸೂ ಅಂಟಲ್ಲ.

2008ರ ನವೆಂಬರಿನಲ್ಲಿ ಕಾನ್‌ಫಿಕರ್ ಬಂತು. ಅದು ಆಂಟಿವೈರಸ್ ಕಂಪನಿಗಳ ಜಾಲತಾಣಕ್ಕೂ ಮೈಕ್ರೋಸಾಫ್ಟಿನ ಅಪ್‌ಡೇಟಿಗೂ ದಾರಿಯೇ ಸಿಗದ ಹಾಗೆ ಮಾಡುತ್ತಿತ್ತು. "ಅಪ್‌ಡೇಟ್ ಆಗ್ತಿಲ್ಲ" ಅಂತ ಯಾರಾದರೂ ಫೋನ್ ಮಾಡಿದರೆ ನಾವು ಮೊದಲು ಕೇಳುತ್ತಿದ್ದದ್ದು, "ಬೇರೆ ಸೈಟೆಲ್ಲ ಓಪನ್ ಆಗ್ತಿದೆಯಾ ಸಾರ್? ಆಂಟಿವೈರಸ್ ಕಂಪನಿದು ಮಾತ್ರ ಆಗ್ತಿಲ್ವಾ?" ಹೌದು ಅಂದರೆ ಅರ್ಧ ರೋಗ ಅಲ್ಲೇ ಗೊತ್ತಾದ ಹಾಗೆ.

ಇಷ್ಟೆಲ್ಲ ಏಟು ತಿಂದ ಮೇಲೆ ಕಂಪನಿಗಳು ಕಾವಲನ್ನು ಬಿಗಿ ಮಾಡಿದವು. ಇದಕ್ಕೆ ಅವರು ಇಟ್ಟ ಹೆಸರು ಸೆಲ್ಫ್ ಪ್ರೊಟೆಕ್ಷನ್. ವಿಂಡೋಸಿನ ತಳದಲ್ಲಿ, ಕರ್ನೆಲ್ ಅನ್ನುವ ಕಡೆ, ತಮ್ಮದೊಂದು ಡ್ರೈವರ್ ಕೂರಿಸಿದರು. ಅದು ಆಂಟಿವೈರಸ್ಸಿನ ಫೈಲು, ರಿಜಿಸ್ಟ್ರಿ, ಸೇವೆ ಎಲ್ಲದಕ್ಕೂ ಬೇಲಿ ಹಾಕುತ್ತೆ. ಅಡ್ಮಿನಿಸ್ಟ್ರೇಟರ್ ಬಂದು ಅಳಿಸು ಅಂದರೂ ಇಲ್ಲ. ತೆಗೆಯಬೇಕೆಂದರೆ ಕಂಪನಿಯದೇ ಅನ್‌ಇನ್‌ಸ್ಟಾಲರ್ ಮೂಲಕ ಮಾತ್ರ. ಆ ಅನ್‌ಇನ್‌ಸ್ಟಾಲರ್ ಕೆಲಸ ಮಾಡಬೇಕಾದರೆ ಅದರ ಫೈಲುಗಳು ಸರಿಯಾಗಿರಬೇಕು. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಫೈಲು ಅರ್ಧಂಬರ್ಧ ಆಯಿತೋ, ಬೇಲಿ ಉಳಿದು ಗೇಟಿನ ಬೀಗದಕೈ ಕಳೆದುಹೋದ ಹಾಗೆ. ಲೋಡ್‌ಶೆಡ್ಡಿಂಗ್ ಇಲ್ಲದ ಊರಿನ ಎಂಜಿನಿಯರ್‌ಗಳು ಇದನ್ನು ಅಪರೂಪದ ತೊಂದರೆ ಅಂದುಕೊಂಡಿರಬಹುದು, ನಮಗೆ ಅದು ವಾರಕ್ಕೊಂದು ಬರೋದು.

ಇನ್ನೊಂದು ಕಾರಣ ನಾವೇ ಮಾಡಿಕೊಂಡಿದ್ದು. ಆಗೆಲ್ಲ 40 ಜಿಬಿ ಹಾರ್ಡ್ ಡಿಸ್ಕ್. ಸಿ ಡ್ರೈವ್ ತುಂಬಿತು ಅಂತ ಯಾರೋ ವಿಂಡೋಸ್ ಫೋಲ್ಡರ್ ಒಳಗಿನ ಇನ್‌ಸ್ಟಾಲರ್ ಅನ್ನುವ ಫೋಲ್ಡರನ್ನು ಅಳಿಸಿ "ಜಾಗ ಆಯ್ತು" ಅಂತ ಖುಷಿಪಡುತ್ತಿದ್ದರು. ಪ್ರೋಗ್ರಾಂ ತೆಗೆಯೋಕೆ, ಹೊಸದು ಮಾಡೋಕೆ ವಿಂಡೋಸ್ ಹುಡುಕೋದು ಅಲ್ಲಿಟ್ಟ ಮೂಲ ಪ್ಯಾಕೇಜನ್ನೇ. ಅದಿಲ್ಲ ಅಂದ ಮೇಲೆ ತೆಗೆಯೋದೂ ಇಲ್ಲ, ಅಪ್‌ಡೇಟೂ ಇಲ್ಲ.

ನುಡಿ ಯಾಕೆ ಸಿಕ್ಕಿಬಿತ್ತು ಅಂತ ಕೇಳಿದಿರಾ? ಅದು ನಮ್ಮ ಭಾಷೆಯ ಸ್ವಂತ ಕಷ್ಟ. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಗಿದ್ದು 2000ದ ಆಸುಪಾಸು. ನೋಂದಣಿ ಕಚೇರಿಗಳಿಗೆ ಕಾವೇರಿ ತಂತ್ರಾಂಶ ಬಂದದ್ದು 2003ರ ಹೊತ್ತಿಗೆ. ಆ ಕಚೇರಿಗಳ ಸುತ್ತ ಕೂತಿದ್ದ ಪತ್ರ ಬರಹಗಾರರೂ ಟೈಪ್‌ರೈಟರ್ ಬಿಟ್ಟು ಕಂಪ್ಯೂಟರ್ ಹಿಡಿದರು. ಶೇಷಾದ್ರಿವಾಸು ಅವರ ಬರಹ ಆಗಲೇ ಇತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಸರ್ಕಾರದ ಮೂಲಕ ಉಚಿತವಾಗಿ ಸಿಕ್ಕಿತು. ಯುನಿಕೋಡ್ ಎಲ್ಲರ ಕೈಗೆ ಬರುವ ಮೊದಲು ಇಂಥ ತಂತ್ರಾಂಶ ಕೆಲಸ ಮಾಡುತ್ತಿದ್ದದ್ದು ಹೀಗೆ: ನೀವು ಇಂಗ್ಲಿಷ್ ಕೀ ಒತ್ತುತ್ತೀರಿ, ಅದು ವರ್ಡ್ ಪುಟಕ್ಕೆ ತಲುಪುವ ಮೊದಲೇ ಮಧ್ಯದಲ್ಲಿ ಹಿಡಿದು ಕನ್ನಡ ಅಕ್ಷರದ ಸಂಕೇತವಾಗಿ ಬದಲಿಸಿ ಮುಂದೆ ಕಳಿಸುತ್ತೆ. ಬ್ಯಾಂಕಿನ ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡೋದೂ ಮೊದಲರ್ಧ ಇದನ್ನೇ, ನಡುವೆ ಕೂತು ಒತ್ತಿದ್ದನ್ನೆಲ್ಲ ಹಿಡಿಯೋದು. ವೈರಸ್ಸಿನ ಹೆಸರು ನೋಡದೆ ನಡವಳಿಕೆ ನೋಡಿ ಹಿಡಿಯುವ ವಿಧಾನ ಬಂದ ಮೇಲೆ ಕನ್ನಡ ಟೈಪ್ ಮಾಡುವವನೂ ಅನುಮಾನಕ್ಕೆ ಗುರಿಯಾದ. ಇಂಗ್ಲಿಷಿನಲ್ಲಿ ಪತ್ರ ಬರೆಯುವವನಿಗೆ ಈ ಕಾಟವೇ ಇರಲಿಲ್ಲ. ನನಗೆ ಇದರ ಬಗ್ಗೆ ಈಗಲೂ ಸಿಟ್ಟಿದೆ.

ಸರಿ, ಅವತ್ತು ರಾತ್ರಿಯ ವಿಷಯ. ಸೇಫ್ ಮೋಡಿಗೆ ಹೋದರೆ ಆಂಟಿವೈರಸ್ಸಿನ ಡ್ರೈವರ್ ಎದ್ದಿರಲ್ಲ, ಬೇಲಿ ಇಲ್ಲ. ಆದರೆ ಎಕ್ಸ್‌ಪಿಯ ಸೇಫ್ ಮೋಡಿನಲ್ಲಿ ವಿಂಡೋಸಿನ ಇನ್‌ಸ್ಟಾಲರ್ ಸೇವೆಯೂ ಎದ್ದಿರಲ್ಲ. ಬೇಲಿ ಇದ್ದಾಗ ಗೇಟು ತೆಗೆಯಲ್ಲ, ಬೇಲಿ ಇಲ್ಲದಾಗ ಗೇಟೇ ಇಲ್ಲ. ಈ ಪೇಚಿನಿಂದ ಹೊರಗೆ ಬರೋಕೆ ಕಂಪನಿಗಳೇ ಕೊನೆಗೆ ಬೇರೆ ಉಪಕರಣ ಬಿಟ್ಟವು. ನಾರ್ಟನ್ ರಿಮೂವಲ್ ಟೂಲ್, ಮ್ಯಾಕಫಿಯ ಎಂಸಿಪಿಆರ್, ಕ್ಯಾಸ್ಪರ್‌ಸ್ಕಿಯ ಕಾವ್‌ರಿಮೂವರ್, ಅವಾಸ್ಟ್‌ನ ಕ್ಲಿಯರ್, ಹೀಗೆ ಒಂದೊಂದಕ್ಕೆ ಒಂದೊಂದು. ಯಾವ ಕಂಪನಿಯದೋ ಆ ಕಂಪನಿಯ ಉಪಕರಣವೇ ಬೇಕು. ನಾನು ಪಕ್ಕದ ಬ್ರೌಸಿಂಗ್ ಸೆಂಟರಿಗೆ ಹೋಗಿ ಅದನ್ನು ಇಳಿಸಿ, ಸಿಡಿಗೆ ಬರೆಸಿ ತಂದೆ. ಮೊದಲು ಪತ್ರಗಳ ಫೋಲ್ಡರನ್ನೆಲ್ಲ ಇನ್ನೊಂದು ಸಿಡಿಗೆ ಹಾಕಿದೆ. ಸೇಫ್ ಮೋಡಿನಲ್ಲಿ ಉಪಕರಣ ಓಡಿಸಿದೆ. ರೀಸ್ಟಾರ್ಟ್. ಹೋಯಿತು. ನುಡಿ ಮತ್ತೆ ಹಾಕಿ 'ಕನ್ನಡ' ಅಂತ ಟೈಪ್ ಮಾಡಿದಾಗ ಯಜಮಾನರು ಕನ್ನಡಕ ಸರಿ ಮಾಡಿಕೊಂಡು ನೋಡಿ, "ನಾಳೆಗೂ ಇರ್ತದಾ?" ಅಂದರು.

ಅರಕಲಗೂಡಿನದು ಬೇರೆ ಥರ. ಒಂದು ಗೊಬ್ಬರದ ಅಂಗಡಿಯವರು ಜೀವಮಾನದಲ್ಲಿ ಮೊದಲ ಸಲ ದುಡ್ಡು ಕೊಟ್ಟು ಅಸಲಿ ಆಂಟಿವೈರಸ್ ಡಬ್ಬಿ ತಂದಿದ್ದರು. ಇನ್‌ಸ್ಟಾಲ್ ಆಯಿತು, ಕೀ ಒಪ್ಪಿತು, ಅಪ್‌ಡೇಟ್ ಮಾತ್ರ ಆಗಲ್ಲ. ಬ್ರಾಡ್‌ಬ್ಯಾಂಡ್ ಸರಿ ಇದೆ. "ಪುಕ್ಸಟ್ಟೆದು ಚೆನ್ನಾಗ್ ಓಡ್ತಿತ್ತು, ದುಡ್ಡು ಕೊಟ್ಟಿದ್ದೇ ತಪ್ಪಾಯ್ತಾ ಅಣ್ಣ?" ಅಂತ ಅವರ ಮಗ ಕೇಳಿದ. ಹುಡುಕಿದರೆ ಹೋಸ್ಟ್ಸ್ ಅನ್ನುವ ಒಂದು ಸಣ್ಣ ಫೈಲಿನಲ್ಲಿ ಹತ್ತಾರು ಸಾಲು. ಯಾವ ವಿಳಾಸ ಎಲ್ಲಿದೆ ಅಂತ ವಿಂಡೋಸ್ ಮೊದಲು ನೋಡೋದು ಆ ಫೈಲನ್ನು. ಅಲ್ಲಿ ಆ ಕಂಪನಿಯ ಸರ್ವರುಗಳನ್ನೆಲ್ಲ ಈ ಕಂಪ್ಯೂಟರಿಗೇ ತಿರುಗಿಸಿ ಬರೆದಿತ್ತು. ಇದು ವೈರಸ್ಸಿನ ಕೆಲಸ ಅಲ್ಲ. ಹಿಂದೆ ಅದೇ ಕಂಪನಿಯ ಆಂಟಿವೈರಸ್ಸಿಗೆ ಕ್ರ್ಯಾಕ್ ಹಾಕಿದ್ದಾಗ, ಕೀ ಕಳ್ಳತನದ್ದು ಅಂತ ಕಂಪನಿಗೆ ಗೊತ್ತಾಗದಿರಲಿ ಅಂತ ಆ ಕ್ರ್ಯಾಕೇ ಬರೆದಿಟ್ಟ ಸಾಲುಗಳು. ಪ್ರೋಗ್ರಾಂ ಹೋಗಿತ್ತು, ಸಾಲು ಉಳಿದಿತ್ತು. ಆ ಕ್ರ್ಯಾಕ್ ಹಾಕಿದವರು ಯಾರು? ನಮ್ಮಂಥ ಸರ್ವೀಸ್ ಹುಡುಗರೇ. ಆ ಅಂಗಡಿಗೆ ನಾನು ಹಾಕಿರಲಿಲ್ಲ, ಆದರೆ ಬೇರೆ ಹತ್ತು ಕಡೆ ಹಾಕಿದ್ದೆ. ಸಾಲು ಅಳಿಸಿದೆ, ಅಪ್‌ಡೇಟ್ ಆಯಿತು. ಆ ಹುಡುಗನಿಗೆ ಕಾರಣ ಪೂರ್ತಿ ಹೇಳಲಿಲ್ಲ.

ಅದೇ ಊರಿನಲ್ಲಿ ಪದೇ ಪದೇ ಕಂಡ ಇನ್ನೊಂದು ಕಾರಣ ತೀರಾ ಸಣ್ಣದು. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತರೆ, ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರಿನ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತೆ. ಆಗ ಆಂಟಿವೈರಸ್ಸಿನ ಲೈಸೆನ್ಸ್ ಲೆಕ್ಕಾಚಾರವೆಲ್ಲ ತಲೆಕೆಳಗು. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಅನ್ನುತ್ತೆ. ಸಿಆರ್2032 ಅನ್ನುವ ಬ್ಯಾಟರಿ, ಆಗ ಇಪ್ಪತ್ತು ಮೂವತ್ತು ರೂಪಾಯಿ. ಈಗಲೂ ಯಾರಾದರೂ ಅಪ್‌ಡೇಟ್ ಆಗ್ತಿಲ್ಲ ಅಂದರೆ ನಾನು ಮೊದಲು ನೋಡೋದು ಪರದೆಯ ಮೂಲೆಯ ಗಡಿಯಾರ.

ಚನ್ನರಾಯಪಟ್ಟಣದ ಕಡೆ ಒಂದು ಶಾಲೆ. ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್, ಎಲ್ಲದರಲ್ಲೂ ಅವಧಿ ಮುಗಿದ ಆಂಟಿವೈರಸ್. ಬೇರೆ ಕಂಪನಿಯದು ಹಾಕೋಣ ಅಂದರೆ ಹಳೆಯದು ಇರುವವರೆಗೆ ಹೊಸದು ಒಳಗೆ ಬರಲ್ಲ ಅನ್ನುತ್ತೆ. ಅದು ಸರಿಯೇ, ಎರಡು ಕಾವಲು ಡ್ರೈವರ್‌ಗಳು ಒಂದೇ ಫೈಲಿಗೆ ಕಾದಾಡಿದರೆ ಮೆಷಿನ್ ನಿಂತಲ್ಲೇ ನಿಲ್ಲುತ್ತೆ. ಹಳೆಯದನ್ನು ತೆಗೆಯೋಕೆ ಪಾಸ್‌ವರ್ಡ್ ಕೇಳ್ತು. ಮಕ್ಕಳು ತೆಗೆಯದಿರಲಿ ಅಂತ ಯಾರೋ ಹಾಕಿದ್ದು. ಯಾರು? ಹಾಕಿದ ಮೇಷ್ಟ್ರು ವರ್ಗವಾಗಿ ಹೋಗಿದ್ದರು. ಫೋನ್ ಮಾಡಿದರೆ ಅವರಿಗೂ ನೆನಪಿಲ್ಲ. ಎರಡು ದಿನ ಕೂತು ಒಂಬತ್ತು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದೆ. ಹತ್ತನೆಯದಕ್ಕೆ ಬರುವಾಗ ಹೆಡ್‌ಮಾಸ್ಟರು ಸ್ಟಾಕ್ ರಿಜಿಸ್ಟರ್ ಹಿಡಿದುಕೊಂಡು ಬಂದರು. ಕೊನೇ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು, ಪಾಸ್‌ವರ್ಡ್. "ಇದೇ ಏನ್ರೀ ನೋಡಿ" ಅಂದರು. ಇದೇ.

ಇಷ್ಟೆಲ್ಲ ನಮ್ಮ ತಾಲ್ಲೂಕುಗಳ ಗೋಳು ಅಂದುಕೊಳ್ಳಬೇಡಿ. ದೊಡ್ಡವರೂ ಇದೇ ಗುಂಡಿಗೆ ಬಿದ್ದಿದ್ದಾರೆ. 2006ರಲ್ಲಿ ಮೈಕ್ರೋಸಾಫ್ಟ್ ವಿಸ್ತಾದ 64 ಬಿಟ್ ಆವೃತ್ತಿಯಲ್ಲಿ ಕರ್ನೆಲ್ ತಿದ್ದೋಕೆ ಯಾರಿಗೂ ಬಿಡಲ್ಲ ಅಂದಾಗ ಮ್ಯಾಕಫಿ, ಸಿಮ್ಯಾಂಟೆಕ್ ಕಂಪನಿಗಳು ಬಹಿರಂಗವಾಗಿ ಜಗಳಕ್ಕೆ ನಿಂತವು, ಮ್ಯಾಕಫಿ ಪತ್ರಿಕೆಯಲ್ಲಿ ಪುಟ ತುಂಬ ಜಾಹೀರಾತನ್ನೇ ಕೊಟ್ಟಿತು. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್ ಎಕ್ಸ್‌ಪಿಯದೇ ಎಸ್‌ವಿಸಿಹೋಸ್ಟ್ ಫೈಲನ್ನು ವೈರಸ್ ಅಂತ ಹಿಡಿಯಿತು. ಅಮೆರಿಕದ ಆಸ್ಪತ್ರೆ, ವಿಶ್ವವಿದ್ಯಾಲಯಗಳ ಕಂಪ್ಯೂಟರ್‌ಗಳು ತಾವಾಗೇ ರೀಸ್ಟಾರ್ಟ್ ಆಗುತ್ತಾ ಕೂತವು. ನಮ್ಮ ನುಡಿ ಕಥೆಯ ದೊಡ್ಡಣ್ಣ. ಕಂಪನಿಯನ್ನು 1994ರಲ್ಲೇ ಬಿಟ್ಟಿದ್ದ ಜಾನ್ ಮ್ಯಾಕಫಿ, ತನ್ನ ಹೆಸರಿನ ತಂತ್ರಾಂಶವನ್ನು ತೆಗೆಯೋದು ಹೇಗೆ ಅಂತ 2013ರಲ್ಲಿ ಒಂದು ತಮಾಷೆ ವಿಡಿಯೊ ಮಾಡಿ, ಕೊನೆಗೆ ಕಂಪ್ಯೂಟರಿಗೇ ಗುಂಡು ಹೊಡೆದ. ಬಾಗಿಲು ಹಾಕೋ ಹೊತ್ತಲ್ಲಿ ನನಗೂ ಹಾಗನಿಸಿದ್ದಿದೆ.

ಮತ್ತೆ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಅನ್ನುವ ಸುರಕ್ಷಾ ಕಂಪನಿಯ ಒಂದೇ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ಈ ಲೆಕ್ಕ ಕೊಟ್ಟಿದ್ದು ಮೈಕ್ರೋಸಾಫ್ಟೇ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಲ್ಲಿ ಬೋರ್ಡಿಂಗ್ ಪಾಸ್ ಬರೆದು ಕೊಟ್ಟಿದ್ದನ್ನು ನೀವೂ ಫೋಟೊದಲ್ಲಿ ನೋಡಿರುತ್ತೀರಿ. ನನಗೆ ತಕ್ಷಣ ನೆನಪಾಗಿದ್ದು ಹೊಳೆನರಸೀಪುರದ ಆ ಚೆಕ್ಕುಬಂದಿಯ ತಿದ್ದುಪಡಿ. ಅದಕ್ಕೆ ಹೇಳಿದ ಪರಿಹಾರ ಏನು ಗೊತ್ತಾ? ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು, ಸೇಫ್ ಮೋಡಿಗೆ ಹೋಗಿ, ಡ್ರೈವರ್ ಫೋಲ್ಡರಿನಿಂದ 291 ಅನ್ನುವ ಸಂಖ್ಯೆ ಇರುವ ಫೈಲು ಅಳಿಸಿ, ರೀಸ್ಟಾರ್ಟ್ ಮಾಡಿ. ಹದಿನೈದು ವರ್ಷ ಆದರೂ ನಮ್ಮದೇ ವಿದ್ಯೆ! ಅದಾದ ಮೇಲೆ ಮೈಕ್ರೋಸಾಫ್ಟ್ ಸುರಕ್ಷಾ ತಂತ್ರಾಂಶಗಳನ್ನು ಕರ್ನೆಲ್‌ನಿಂದ ಹೊರಗೆ ತರುವ ಕೆಲಸಕ್ಕೆ ಕೈ ಹಾಕಿದೆ.

ಈಗ ಫೋನಿನ ವಿಷಯ ಒಂದೆರಡು ಮಾತು, ಯಾಕಂದರೆ ಈಗ ನನಗೆ ಬರುವ ಕರೆಗಳೆಲ್ಲ ಫೋನಿನ ಬಗ್ಗೆಯೇ. ವಾಟ್ಸಾಪಿನಲ್ಲಿ ಟ್ರಾಫಿಕ್ ಚಲನ್ ಅಂತಲೋ ಬ್ಯಾಂಕ್ ಕೆವೈಸಿ ಅಂತಲೋ ಒಂದು ಎಪಿಕೆ ಫೈಲು ಬರುತ್ತೆ. ಒತ್ತಿದರೆ ಇನ್‌ಸ್ಟಾಲ್ ಆಗಿ ಓಟಿಪಿ ಕದಿಯುತ್ತೆ. ತೆಗೆಯೋಕೆ ಹೋದರೆ ಕೆಲವು ಸಲ ಅನ್‌ಇನ್‌ಸ್ಟಾಲ್ ಬಟನ್ ಕೆಲಸ ಮಾಡಲ್ಲ. ಕಾರಣ, ಅದು ಡಿವೈಸ್ ಅಡ್ಮಿನ್ ಅನ್ನುವ ಅಧಿಕಾರ ಕೇಳಿ ಪಡೆದಿರುತ್ತೆ. ಕಂಪನಿಗಳು ಫೋನು ಕಾಯೋಕೆ ಅಂತ ಮಾಡಿದ ಬಾಗಿಲು ಅದು. 1993ರಲ್ಲಿ ಕಳ್ಳ ಕಾವಲುಗಾರನನ್ನು ಎಬ್ಬಿಸಿ ಕಳಿಸುತ್ತಿದ್ದ, ಈಗ ಕಾವಲುಗಾರನ ಅಂಗಿ ತಾನೇ ಹಾಕಿಕೊಂಡು ಕೂತಿದ್ದಾನೆ. ಹಾಗಾದರೆ ಮೊದಲು ಇಂಟರ್ನೆಟ್ ಆಫ್ ಮಾಡಿ. ಫೋನನ್ನು ಸೇಫ್ ಮೋಡಿನಲ್ಲಿ ಆನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಅಡ್ಮಿನ್ ಪಟ್ಟಿಗೆ ಹೋಗಿ ಆ ಆ್ಯಪಿನ ಅಧಿಕಾರ ಕಿತ್ತುಹಾಕಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಆ ಪತ್ರ ಬರಹಗಾರರು ಈಗಿಲ್ಲ. ಅಂಗಡಿಯನ್ನು ಅವರ ತಮ್ಮನ ಮಗ ನೋಡಿಕೊಳ್ಳುತ್ತಿದ್ದಾರೆ. ಹೋದ ಸಲ ಹೋಗಿದ್ದಾಗ ಹೊಸ ಕಂಪ್ಯೂಟರ್, ಯುನಿಕೋಡ್ ಕನ್ನಡ, ವಿಂಡೋಸಿನದೇ ಡಿಫೆಂಡರ್ ಇತ್ತು. ಯುಪಿಎಸ್ ಬ್ಯಾಟರಿ ಚೆಕ್ ಮಾಡಿದೆ. ಸತ್ತಿತ್ತು.